ಇಂಗಿನ ಡಬ್ಬಿಯ ಹಿಂಬದಿ: ಮಗಳಿಗೆ ಬುತ್ತಿ ಕಟ್ಟಿದ ನನ್ನ ಅನುಭವ

ಮಗಳಿಗೆ ಸೀಲಿಯಾಕ್ ಎಂದು ಗೊತ್ತಾದಾಗ ಅವಳಿಗೆ ಎಂಟು ವರ್ಷ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ತಿಂದರೆ ಸಣ್ಣಕರುಳು ಕೆಡುವ ಕಾಯಿಲೆ ಅದು. ರಕ್ತಪರೀಕ್ಷೆ ಆಯಿತು, ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಚೂರು ತೆಗೆದು ನೋಡಿದ್ದೂ ಆಯಿತು. ಗೋಧಿ, ಬಾರ್ಲಿ, ರೈ ಇನ್ನು ಜೀವನಪೂರ್ತಿ ಬೇಡ ಅಂದರು ಡಾಕ್ಟರು. ರೈ ಎಂಬ ಧಾನ್ಯವನ್ನು ನಾನು ಕಣ್ಣಲ್ಲೂ ಕಂಡಿಲ್ಲ. ಗೋಧಿಯದೇ ತಲೆನೋವು. ವಾರಕ್ಕೆ ಮೂರು ದಿನ ಅವಳ ಡಬ್ಬಿಗೆ ಚಪಾತಿ ಪಲ್ಯ, ಎರಡು ದಿನ ಉಪ್ಪಿಟ್ಟು ಹೋಗುತ್ತಿತ್ತು. ಹೆಂಡತಿ ಬೆಳಿಗ್ಗೆ ಆರೂವರೆಗೇ ಕೆಲಸಕ್ಕೆ ಹೊರಡುವುದರಿಂದ ಡಬ್ಬಿ ಮೊದಲಿಂದಲೂ ನನ್ನ ಪಾಲು.

ಗಾಬರಿಯಲ್ಲಿ ಸೂಪರ್ ಮಾರ್ಕೆಟ್‌ಗೆ ಓಡಿ ಗ್ಲುಟನ್ ಇಲ್ಲದ ಬ್ರೆಡ್ಡು ತಂದೆ. ಅಂಗೈ ಅಗಲದ್ದಕ್ಕೆ 300 ರೂಪಾಯಿ ಹತ್ತಿರ. ಮಗಳು ಒಂದು ತುಂಡು ಕಚ್ಚಿ, "ಅಪ್ಪಾ, ಥರ್ಮಾಕೋಲ್" ಅಂದಳು. ನಮ್ಮಮ್ಮ ಊರಿಂದ ಬಂದವಳು ಅದನ್ನು ನೋಡಿ, "ನಮ್ಮ ಕಾಲದಲ್ಲಿ ಚಪಾತಿ ಅಂದ್ರೆ ನೆಂಟರು ಬಂದಾಗ. ನಾವೇನು ಉಪವಾಸ ಇದ್ವಾ?" ಅಂತ ಕೇಳಿದಳು. ಅಲ್ಲಿಂದ ಅಂಗಡಿಯ ಆ ಸಾಲಿಗೆ ನಾನು ಹೋಗಿಲ್ಲ.

ಚಪಾತಿಯ ಬದಲಿಗೆ ಹಿಡಿದ ಅಕ್ಕಿರೊಟ್ಟಿಯ ಕಷ್ಟ ಬೇರೆ. ಕಾವಲಿಯಿಂದ ತೆಗೆದಾಗ ಹೂವಿನ ಹಾಗಿದ್ದದ್ದು ಮಧ್ಯಾಹ್ನ ಒಂದಕ್ಕೆ ಹಪ್ಪಳ. ಗೋಧಿ ಹಿಟ್ಟನ್ನು ಹಿಡಿದಿಡುವುದು ಆ ಗ್ಲುಟನ್ನೇ. ಅಕ್ಕಿಗೆ ಆ ಅಂಟಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕುವುದೂ ಇದಕ್ಕೇ: ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ಹಾಗಾಗಿ ನಾನು ಉಕ್ಕರಿಸಿದ ರೊಟ್ಟಿಗೆ ಬಂದೆ. ಒಂದು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮಳ್ಳಿದಾಗ ಒಂದು ಲೋಟ ಅಕ್ಕಿಹಿಟ್ಟು ಸುರಿದು, ಉರಿ ಸಣ್ಣ ಮಾಡಿ, ಎರಡು ನಿಮಿಷ ಮುಚ್ಚಿಡುತ್ತೇನೆ. ನಾದುವುದು ಬಿಸಿ ಇರುವಾಗಲೇ, ಕೈ ತಣ್ಣೀರಲ್ಲಿ ಅದ್ದಿಕೊಂಡು. ಆರಿದ ಮೇಲೆ ನಾದಿದರೆ ಅಂಚು ಒಡೆಯುತ್ತದೆ. ರಾತ್ರಿಯ ಅನ್ನ ಒಂದು ಹಿಡಿ ಉಳಿದಿದ್ದರೆ ಕಿವುಚಿ ಸೇರಿಸಿದರೆ ಇನ್ನೂ ಮೆತ್ತಗೆ. ಬೆಂದ ರೊಟ್ಟಿಯನ್ನು ತಕ್ಷಣ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ನೇರ ಡಬ್ಬಿಗೆ ಹಾಕಿದರೆ ಬೆವತು ಅಂಟಂಟಾಗುತ್ತದೆ. ಈ ಬಟ್ಟೆ ವಿಷಯ ಕಲಿಯಲು ನನಗೆ ಎರಡು ವಾರ ಬೇಕಾಯಿತು.

ಉಪ್ಪಿಟ್ಟು ಸುಲಭವಾಗಿ ಬಗೆಹರಿಯಿತು, ಅಕ್ಕಿತರಿ ಇದೆಯಲ್ಲ. ಆದರೆ ರವೆ ಗೋಧಿಯದು ಎಂಬುದೇ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. "ಚಪಾತಿ ಬೇಡ ಅಂದ್ರಿ, ಅದಕ್ಕೇ ಕೇಸರಿಬಾತ್ ಮಾಡಿದೆ" ಅಂದವರಿದ್ದಾರೆ. ಬನ್ಸಿ ರವೆ, ಚಿರೋಟಿ ರವೆ, ಪ್ಯಾಕೆಟ್ಟಿನ ಮಾಮೂಲಿ ಶಾವಿಗೆ ಎಲ್ಲ ಗೋಧಿಯೇ. ಇಡ್ಲಿ ರವೆ ಮಾತ್ರ ಅಕ್ಕಿಯದು.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿಸಿದೆವು. ಕಾಯಿಲೆಯನ್ನು ತೋರಿಸುವ ಅಂಕಿ ಇಳಿದಿತ್ತು, ಆದರೆ ಇಳಿಯಬೇಕಾದಷ್ಟಲ್ಲ. ಆಹಾರತಜ್ಞೆ ನನ್ನ ಪಟ್ಟಿಯನ್ನೆಲ್ಲ ಓದಿ, "ಒಗ್ಗರಣೆಗೆ ಯಾವ ಇಂಗು?" ಅಂದರು. ಮನೆಗೆ ಬಂದು ಡಬ್ಬಿ ತಿರುಗಿಸಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ಗೋಂದು, ಗೋಧಿ ಹಿಟ್ಟು, ಇಂಗು. ಚಿತ್ರಾನ್ನ, ಪುಳಿಯೋಗರೆ, ಸಾರು, ಮಜ್ಜಿಗೆ, ಒಂದನ್ನೂ ಬಿಡದೆ ದಿನಾ ಚಿಟಿಕೆ ಚಿಟಿಕೆ ಹಾಕಿದ್ದೆ! ಅವತ್ತು ಊಟ ಸೇರಲಿಲ್ಲ. ಈಗ ಅಕ್ಕಿಹಿಟ್ಟು ಬೆರೆಸಿದ ಇಂಗು ತರುತ್ತೇನೆ, ಸಿಗದಿದ್ದರೆ ಬೆಳ್ಳುಳ್ಳಿ. ಅಂದಿನಿಂದ ಪ್ಯಾಕೆಟ್ಟಿನ ಪುಳಿಯೋಗರೆ ಗೊಜ್ಜನ್ನೂ ಓದದೆ ತರುವುದಿಲ್ಲ. ಹಾಲಿಗೆ ಹಾಕುವ ಎಷ್ಟೋ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ ಎಂದು ಆಗಲೇ ತಿಳಿದದ್ದು. 'ಗ್ಲುಟನ್ ಮುಕ್ತ' ಎಂದು ಬರೆಯಬೇಕಾದರೆ ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಅಷ್ಟು ಸಣ್ಣ ಲೆಕ್ಕದಲ್ಲಿ ನನ್ನ ಚಿಟಿಕೆ ಸಣ್ಣದೇನಲ್ಲ.

ಗಿರಣಿಯದ್ದೂ ಇದೇ ಕತೆ. ನಮ್ಮ ಅಕ್ಕಿ ಎಷ್ಟೇ ಚೊಕ್ಕಟವಿರಲಿ, ನಮಗಿಂತ ಮೊದಲು ಬಂದವರ ಗೋಧಿ ಬೀಸಿದ ಕಲ್ಲಿನಲ್ಲೇ ಬೀಳಬೇಕು. ಅದಕ್ಕೇ ಈಗ ಹಿಟ್ಟಿನ ಕೆಲಸ ಕಡಿಮೆ ಮಾಡಿ ನೆನೆಸಿ ರುಬ್ಬುವ ಕೆಲಸ ಹೆಚ್ಚು ಮಾಡಿದ್ದೇನೆ: ನೀರ್‌ದೋಸೆ, ಇಡ್ಲಿ, ಕಾಳು ರಾಗಿಯನ್ನೇ ಉದ್ದಿನ ಜೊತೆ ನೆನೆಸಿ ಮಾಡುವ ರಾಗಿದೋಸೆ. ರೊಟ್ಟಿಗೆ ಬೇಕಾದಷ್ಟು ಅಕ್ಕಿಯನ್ನು ತೊಳೆದು, ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯುತ್ತೇನೆ. ಭಾನುವಾರ ಒಂದು ಗಂಟೆಯ ಕೆಲಸ, ಬೇಜಾರಿನದೇ.

ಅವಳಿಗೆ ಎಲ್ಲಕ್ಕಿಂತ ಇಷ್ಟ ನುಚ್ಚಿನುಂಡೆ. ತೊಗರಿಬೇಳೆ ಎರಡು ಮೂರು ಗಂಟೆ ನೆನೆಸಿ, ನೀರು ಬಸಿದು, ತರಿತರಿಯಾಗಿ ತಿರುವಿ, ಸಬ್ಬಸಿಗೆ, ತೆಂಗಿನತುರಿ, ಹಸಿಮೆಣಸು, ಶುಂಠಿ ಹಾಕಿ ಉಂಡೆ ಕಟ್ಟಿ ಹಬೆಯಲ್ಲಿ ಹದಿನೈದು ನಿಮಿಷ. ಒಂದು ಲೋಟ ಬೇಳೆಗೆ ಮೂವರ ಡಬ್ಬಿ ತುಂಬುತ್ತದೆ, ತಣ್ಣಗಾದರೂ ರುಚಿ ಕೆಡುವುದಿಲ್ಲ, ಇಂಗಿನ ಹಂಗೂ ಇಲ್ಲ. ಎದ್ದದ್ದು ತಡವಾದ ದಿನ ಗೊಜ್ಜವಲಕ್ಕಿ. ಶಾಲೆಯಲ್ಲಿ ಅವಳು ಕೊಡಬಹುದು, ತಗೊಳ್ಳುವಂತಿಲ್ಲ ಎಂಬ ಒಪ್ಪಂದವಿದೆ. ಹುಟ್ಟುಹಬ್ಬದ ಕೇಕ್ ದಿನ ಮುಖ ಸಣ್ಣದಾಗುತ್ತದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ; ಚೀಲದಲ್ಲಿ ಒಂದು ಕಡಲೆಮಿಠಾಯಿ ಇಟ್ಟಿರುತ್ತೇನೆ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ನೆಂಟರ ಮನೆಗೆ ಹೋದಾಗ, ಜೋಳದ ರೊಟ್ಟಿಯ ನಾಡು, ಇಲ್ಲಿ ಚಿಂತೆಯಿಲ್ಲ ಎಂದುಕೊಂಡೆ. ಮರುದಿನದ ರೈಲಿಗೆ ಬುತ್ತಿ ಕಟ್ಟುತ್ತೇನೆಂದು ಅತ್ತಿಗೆ ಹಿಟ್ಟು ತೆಗೆದರು. "ಚಪಾತಿ ಎಲ್ಲಿ ಲಟ್ಟಿಸ್ತೀರಿ?" ಅಂತ ಸಂಕೋಚದಲ್ಲೇ ಕೇಳಿದೆ. "ಇದ ಮಣಿ ಮ್ಯಾಲ, ಯಾಕ?" ಮಣೆಗೆ ಅಂಟಿದ ಗೋಧಿಹಿಟ್ಟಿನ ವಿಷಯ ಹೇಳಿದೆ. ಅವರು ಮಾತಾಡದೆ ಮಣೆಯನ್ನು ಗೋಡೆಗೆ ಒರಗಿಸಿ, ದೊಡ್ಡ ಸ್ಟೀಲ್ ತಟ್ಟೆಯನ್ನು ತಿಕ್ಕಿ ತೊಳೆದು ತಂದು, ಹಂಚನ್ನೂ ಇನ್ನೊಮ್ಮೆ ತಿಕ್ಕಿ, ಎಸರಿಟ್ಟು ರೊಟ್ಟಿ ಬಡಿಯಲು ಕೂತರು. "ಮೊದ್ಲ ಕೂಸಿಂದು. ನಿಮ್ಮ ಚಪಾತಿ ಆಮ್ಯಾಲ ನೋಡೂಣು."