ಎಂಜಿನ್ ಇಳಿಸುವ ಮೊದಲು ಹಲ್ಲು ಎಣಿಸಿ

ಗುಜರಿಯಲ್ಲಿ ಒಳ್ಳೆ ಎಂಜಿನ್ ಸಿಕ್ಕಿದೆ, ಗೇರ್‌ಬಾಕ್ಸ್ ಬೋಲ್ಟೂ ಸರಿಯಾಗಿ ಕೂರುತ್ತೆ ಅಂತ ಸುಮ್ನೆ ಲಾರಿಗೆ ಇಳಿಸಬೇಡಿ. ಫ್ಲೈವೀಲಿಗೂ (ಎಂಜಿನ್ ಹಿಂದಿನ ಭಾರದ ಚಕ್ರ) ಸೆಲ್ಫ್ ಮೋಟಾರಿಗೂ (ಎಂಜಿನ್ ಸ್ಟಾರ್ಟ್ ಮಾಡೋ ಮೋಟಾರ್) ಜೋಡಿ ಆಗುತ್ತಾ ಅಂತ ಮೊದಲು ನೋಡಿ.

ನಾವು ದಾವಣಗೆರೆಯಲ್ಲಿ ಮೆಕ್ಕೆಜೋಳದ ಸೀಸನ್ನಿನ ಅವಸರದಲ್ಲಿ ಬೇರೆ ಎಂಜಿನ್ ಕೂರಿಸಿ, ಹಳೇ ಸೆಲ್ಫನ್ನೇ ಹಾಕಿದ್ದೆವು. ಮೂರು ದಿನ ಸ್ಟಾರ್ಟ್ ಆಯಿತು. ನಾಲ್ಕನೇ ದಿನ ಮಂಡಿ ಮುಂದೆ ಲೋಡ್ ಸಮೇತ ಕರ್‌ರ್ ಅಂದು ನಿಂತಿತು. ಬಿಚ್ಚಿದರೆ ಬೆಲ್ ಹೌಸಿಂಗ್ (ಫ್ಲೈವೀಲ್ ಮುಚ್ಚುವ ಕವಚ) ತಳದಲ್ಲಿ ಬೆಳ್ಳಗೆ ಕಬ್ಬಿಣದ ಪುಡಿ, ರಿಂಗ್ ಗೇರ್ (ಫ್ಲೈವೀಲ್ ಅಂಚಿನ ಹಲ್ಲಿನ ಬಳೆ) ಹಲ್ಲುಗಳ ತುದಿ ಸುತ್ತಲೂ ನುರಿದಿತ್ತು. ಈ 'ಸುತ್ತಲೂ' ಅನ್ನೋದು ಮುಖ್ಯ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುತ್ತೆ, ಆರು ಸಿಲಿಂಡರಿನದು ಮೂರು ಜಾಗದಲ್ಲಿ, ಸೆಲ್ಫ್ ಹೆಚ್ಚಾಗಿ ಅಲ್ಲೇ ಕಚ್ಚುತ್ತೆ, ಹಾಗಾಗಿ ಅಲ್ಲಿ ಮಾತ್ರ ಸವೆದಿದ್ದರೆ ಅದು ವಯಸ್ಸಿನ ಸವೆತ. ಸುತ್ತಲೂ ಸವೆದಿದ್ದರೆ ಜೋಡಿ ತಪ್ಪಿದೆ ಅಂತಲೇ ಮೊದಲ ಅನುಮಾನ.

ಹಲ್ಲಿನ ಸಂಖ್ಯೆ ಒಂದೇ ಸಾಲದು, ಹಲ್ಲಿನ ಅಳತೆಯೂ ಕೂಡಬೇಕು. ಸೀಮೆಸುಣ್ಣದಲ್ಲಿ ರಿಂಗ್ ಗೇರಿನ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿ. ಹೊರ ವ್ಯಾಸ ಅಳೆಯಿರಿ. ಸಾಮಾನ್ಯ ಮೆಟ್ರಿಕ್ ಗೇರಾದರೆ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿ: 128 ಹಲ್ಲು, 390 ಮಿ.ಮೀ. ಇದ್ದರೆ 390 ಭಾಗಿಸು 130, ಅಂದರೆ ಮಾಡ್ಯೂಲ್ (ಹಲ್ಲಿನ ಅಳತೆ) 3. ಇಂಚು ಲೆಕ್ಕದ 8 ಪಿಚ್ ಹಲ್ಲಿನ (ವ್ಯಾಸದ ಇಂಚಿಗೆ 8 ಹಲ್ಲು) ಮಾಡ್ಯೂಲ್ 3.175 ಆಗುತ್ತೆ. ಕಣ್ಣಿಗೆ ಎರಡೂ ಒಂದೇ ಥರ, ನಮ್ಮದು ಕೆಟ್ಟಿದ್ದು ಅಲ್ಲೇ. ಪಿನಿಯನ್‌ಗೆ (ಸೆಲ್ಫ್ ತುದಿಯ ಚಿಕ್ಕ ಗೇರಿಗೆ) ಈ ಲೆಕ್ಕ ನಂಬಬೇಡಿ, ಅದರ ಹಲ್ಲನ್ನು ಸ್ವಲ್ಪ ಬೇರೆ ಥರ ಕಡೆದಿರುತ್ತಾರೆ. ಪಿನಿಯನ್ ಬಿಚ್ಚಿ, ಹಲ್ಲಿಗೆ ಮಾರ್ಕರ್ ಬಳಿದು, ರಿಂಗ್ ಮೇಲೆ ಕೈಯಲ್ಲೇ ಉರುಳಿಸಿ. ಒಂದೇ ಹದದಲ್ಲಿ ಉರುಳಬೇಕು, ಎಲ್ಲೂ ಹತ್ತಿ ಇಳಿಯಬಾರದು.

ನನ್ನ ಕೇಳಿದರೆ ಎಂಜಿನ್, ಫ್ಲೈವೀಲ್, ಹೌಸಿಂಗ್, ಸೆಲ್ಫ್ ಎಲ್ಲಾ ಒಂದೇ ಗಾಡಿಯದ್ದು ಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ತಲೆನೋವು ಇಲ್ಲ. ಆಮೇಲೂ ವೋಲ್ಟ್ ನೋಡಲೇಬೇಕು, 24 ವೋಲ್ಟ್ ಗಾಡಿಗೆ 12ರ ಸೆಲ್ಫ್ ಹಾಕಿದರೆ ಸುಟ್ಟು ಹೋಗುತ್ತೆ. ಕ್ಲಚ್ ಪ್ಲೇಟ್ ಅಳತೆ, ತಿರುಗೋ ದಿಕ್ಕು, ಫ್ಲೈವೀಲ್ ಕೂರುವ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟ್) ಬೋಲ್ಟ್ ತೂತು, ಇವನ್ನೂ ನೋಡಿ.

ರಿಂಗ್ ಮಾತ್ರ ಬದಲಿಸುವುದಾದರೆ ಅದು ಹಿಗ್ಗಿ ಫ್ಲೈವೀಲ್ ಮೇಲೆ ಕೂರುವ ಹಾಗೆ ಸುತ್ತಲೂ ಒಂದೇ ಸಮ ಕಾಯಿಸಿ, 200 ಡಿಗ್ರಿ ಆಸುಪಾಸು ಸಾಕು. ನೀಲಿ ಬಣ್ಣಕ್ಕೆ ತಿರುಗಿದರೆ ಹಲ್ಲಿನ ಗಟ್ಟಿತನ ಹೋಯಿತು, ಅಂಥದ್ದನ್ನು ಹಾಕಬೇಡಿ. ಹಲ್ಲಿನ ಇಳಿಜಾರು ಮಾಡಿದ ಬದಿ ಪಿನಿಯನ್ ನುಗ್ಗುವ ಕಡೆಗೇ ಬರಬೇಕು.

ಎಂಜಿನ್ ನಂಬರ್ ಬದಲಾದದ್ದು ಆರ್.ಸಿ.ಯಲ್ಲಿ ಸೇರಬೇಕು, ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಕೊನೆಗೆ ಬ್ಯಾಟರಿ ತೆಗೆದು, ಸೆಲ್ಫ್ ಕೂರಿಸಿ, ಪಿನಿಯನ್ನನ್ನು ಕೈಯಲ್ಲಿ ಹೊರಗೆಳೆದು ಹಲ್ಲಿಗೆ ಸೇರಿಸಿ. ಹಲ್ಲಿನ ನಡುವೆ ಅರ್ಧ ಮಿ.ಮೀ. ಆಸುಪಾಸು ಸಡಿಲ ಇರಬೇಕು. ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಎಲ್ಲಾದರೂ ಬಿಗಿಯಾದರೆ ಅಲ್ಲೇ ನಿಲ್ಲಿಸಿ ಮತ್ತೆ ಬಿಚ್ಚಿ.