ವ್ಯಾನಿನೊಳಗೆ ಸಿಂಕ್ ಮತ್ತು ನೀರು: ಎತ್ತಿ ಇಳಿಸಬಹುದಾದ ಒಂದು ಸರಳ ವ್ಯವಸ್ಥೆ

ಮಾರುತಿ ಈಕೋದಂಥ ಸಣ್ಣ ವ್ಯಾನನ್ನು ವಾರಾಂತ್ಯದ ಪ್ರವಾಸಕ್ಕೆ ಸಜ್ಜುಗೊಳಿಸುವವರು ಹಾಸಿಗೆ, ಒಲೆ, ದೀಪಗಳ ಬಗ್ಗೆ ಸಾಕಷ್ಟು ಯೋಚಿಸುತ್ತಾರೆ. ನೀರಿನ ವಿಷಯದಲ್ಲಿ ಮಾತ್ರ ನಲ್ಲಿ ಎಲ್ಲಿರಬೇಕು ಎಂಬಲ್ಲಿಗೇ ಯೋಚನೆ ನಿಂತುಬಿಡುತ್ತದೆ. ಆದರೆ ನಲ್ಲಿಯಿಂದ ಬಿದ್ದ ನೀರು ಎಲ್ಲಿ ಸೇರುತ್ತದೆ, ಅದನ್ನು ಎಲ್ಲಿ ಚೆಲ್ಲುತ್ತೇವೆ, ಕ್ಯಾನನ್ನು ಹೇಗೆ ಶುಚಿಯಾಗಿಡುತ್ತೇವೆ ಎಂಬುದೇ ಈ ಕೆಲಸದ ದೊಡ್ಡ ಪಾಲು. ಇಲ್ಲಿ ವಿವರಿಸುವ ವ್ಯವಸ್ಥೆಯಲ್ಲಿ ಎಲ್ಲ ಭಾಗಗಳೂ ಒಂದೇ ಪ್ಲೈವುಡ್ ಪೆಟ್ಟಿಗೆಯೊಳಗೆ ಕೂರುತ್ತವೆ ಮತ್ತು ಪ್ರತಿಯೊಂದನ್ನೂ ಕೈಯಿಂದ ಹೊರತೆಗೆದು ತೊಳೆಯಬಹುದು.

ವಾಹನದ ತಳಕ್ಕೆ ತೂತು ಕೊರೆಯುವುದನ್ನು ನಾನು ಬೇಡವೆನ್ನುತ್ತೇನೆ. ಕೆಳಗೆ ಇಂಧನದ ಟ್ಯಾಂಕು, ಬ್ರೇಕಿನ ಪೈಪುಗಳು ಹಾದುಹೋಗಿರುತ್ತವೆ. ಅವು ತಪ್ಪಿದರೂ, ಕೊರೆದ ಅಂಚಿಗೆ ಮಳೆಗಾಲದಲ್ಲಿ ತುಕ್ಕು ಹತ್ತುತ್ತದೆ. ಜೊತೆಗೆ, ವಾಹನದ ಮೂಲ ಸ್ವರೂಪವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂನಲ್ಲಿ ನಿರ್ಬಂಧವಿದೆ. ಸೀಟು ಕಿತ್ತು ಶಾಶ್ವತವಾದ ಅಡುಗೆಕಟ್ಟೆ ಕೂರಿಸುವ ಉದ್ದೇಶವಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ನೀರಿನ ಲೆಕ್ಕದಿಂದ ಆರಂಭಿಸೋಣ. ಕುಡಿಯುವ ನೀರನ್ನು ಬೇರೆ ಕ್ಯಾನಿನಲ್ಲಿ ಒಯ್ದರೆ, ಪಾತ್ರೆ ತೊಳೆಯಲು ಮತ್ತು ಕೈ, ಮುಖ ತೊಳೆಯಲು ಇಬ್ಬರಿಗೆ ದಿನಕ್ಕೆ 8ರಿಂದ 10 ಲೀಟರ್ ಸಾಕಾಗುತ್ತದೆ. ಹೀಗಾಗಿ 20 ಲೀಟರಿನ ಒಂದು ಕ್ಯಾನು ಎರಡು ದಿನಕ್ಕೆ ಬರುತ್ತದೆ. ಇನ್ನೂ ದೊಡ್ಡ ಟ್ಯಾಂಕು ಇದ್ದರೆ ಒಳ್ಳೆಯದಲ್ಲವೇ ಎಂದು ಅನ್ನಿಸಬಹುದು. ಆದರೆ ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ. 50 ಲೀಟರಿನ ಟ್ಯಾಂಕನ್ನು ತುಂಬಿಸಿದ ಮೇಲೆ ಒಬ್ಬರಿಂದ ಎತ್ತಲಾಗದು, ಎತ್ತಲಾಗದ್ದನ್ನು ತೊಳೆಯುವುದೂ ಕ್ರಮೇಣ ನಿಂತುಹೋಗುತ್ತದೆ. ಕ್ಯಾನು ಆಹಾರ ದರ್ಜೆಯ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದಾಗಿರಲಿ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಎಚ್‌ಡಿಪಿಇಯನ್ನೂ, ಲೋಟ ಮತ್ತು ಫೋರ್ಕಿನ ಗುರುತು ಆಹಾರ ದರ್ಜೆಯನ್ನೂ ಸೂಚಿಸುತ್ತವೆ. ಗುಜರಿಯಲ್ಲಿ ಅಗ್ಗವಾಗಿ ಸಿಗುವ ರಾಸಾಯನಿಕದ ಕ್ಯಾನುಗಳನ್ನು ಎಷ್ಟು ತೊಳೆದರೂ ನಂಬಬಾರದು. ಬೆಳಕು ತೂರದ ಬಣ್ಣದ ಕ್ಯಾನಾದರೆ ಪಾಚಿ ಕಟ್ಟುವುದಿಲ್ಲ.

ನೀರನ್ನು ನಲ್ಲಿಗೆ ಏರಿಸಲು ಮೂರು ದಾರಿಗಳಿವೆ. ನಲ್ಲಿಯಿರುವ ಕ್ಯಾನನ್ನು ಸಿಂಕಿಗಿಂತ ಮೇಲಿಡುವುದು ಅತ್ಯಂತ ಸರಳ, ಆದರೆ 20 ಕಿಲೋ ತೂಕ ಎತ್ತರದಲ್ಲಿ ಕೂರುವುದರಿಂದ ಚಲಿಸುವಾಗ ಅಪಾಯ. ನಿಲ್ಲಿಸಿದ ಮೇಲಷ್ಟೇ ಏರಿಸಬೇಕಾಗುತ್ತದೆ. ಮನೆಯ ನೀರಿನ ಕ್ಯಾನಿನ ಮೇಲೆ ಕೂರಿಸುವ, ಚಾರ್ಜ್ ಮಾಡಬಹುದಾದ ಪುಟ್ಟ ಪಂಪು ಎರಡನೆಯದು. ವಯರಿನ ಕೆಲಸವೇ ಇಲ್ಲದ ಕಾರಣ ವರ್ಷಕ್ಕೆ ಒಂದೆರಡು ಬಾರಿ ಹೊರಡುವವರಿಗೆ ಇದೇ ಸಾಕು. ಪದೇ ಪದೇ ಹೋಗುವವರಿಗೆ ನನ್ನ ಸಲಹೆ ಮೂರನೆಯದು: 12 ವೋಲ್ಟಿನ, ಒತ್ತಡ ನೋಡಿಕೊಂಡು ತಾನೇ ನಿಲ್ಲುವ ಡಯಾಫ್ರಂ (ಒಳಗಿನ ರಬ್ಬರ್ ಪೊರೆಯ ಮಿಡಿತದಿಂದ ನೀರು ತಳ್ಳುವ) ಪಂಪು. ನಲ್ಲಿ ತಿರುಗಿಸಿದೊಡನೆ ಓಡಿ, ಮುಚ್ಚಿದೊಡನೆ ನಿಲ್ಲುವ ಈ ಪಂಪು ರೈತರು ಬಳಸುವ ಬ್ಯಾಟರಿ ಸ್ಪ್ರೇಯರಿನಲ್ಲಿಯೂ ಇರುತ್ತದೆ. ಆದರೆ ಒಮ್ಮೆ ಔಷಧಿ ಹೊಡೆದ ಪಂಪನ್ನು ಯಾವ ಕಾರಣಕ್ಕೂ ಇಲ್ಲಿ ಬಳಸಕೂಡದು, ಹೊಸದನ್ನೇ ಕೊಳ್ಳಬೇಕು. ನಿಮಿಷಕ್ಕೆ 4 ಲೀಟರ್ ಹಾಯಿಸುವ ಪಂಪು ಸುಮಾರು 4 ಆಂಪಿಯರ್ ಎಳೆದರೂ, ಇಡೀ ಕ್ಯಾನು ಖಾಲಿಯಾಗಲು 5 ನಿಮಿಷವಷ್ಟೇ ಬೇಕು. ಎಂದರೆ ಒಂದು ಆಂಪಿಯರ್-ಗಂಟೆಯ ಮೂರನೇ ಒಂದು ಭಾಗ ಮಾತ್ರ ಖರ್ಚಾಗುತ್ತದೆ. ಇದಕ್ಕಾಗಿ ಎರಡನೇ ಬ್ಯಾಟರಿ ಬೇಕಿಲ್ಲ.

ಪೆಟ್ಟಿಗೆಗೆ ಐಎಸ್ 710 ಗುರುತಿನ, ನೀರು ತಾಳುವ 12 ಮಿಲಿಮೀಟರ್ ಮರೈನ್ ಪ್ಲೈವುಡ್ ಸೂಕ್ತ. ಅಳತೆಯನ್ನು ಕ್ಯಾನುಗಳನ್ನು ಕೊಂಡ ಮೇಲೆ ನಿರ್ಧರಿಸುವುದು ಜಾಣತನ. ಶುದ್ಧ ನೀರಿನದೊಂದು, ಮುಸುರೆ ನೀರಿನದೊಂದು, ಹೀಗೆ ಎರಡು ಕ್ಯಾನುಗಳು ಅಕ್ಕಪಕ್ಕ ಕೂರಲು ಸಾಮಾನ್ಯವಾಗಿ 30 ಅಂಗುಲ ಉದ್ದ, 18 ಅಂಗುಲ ಅಗಲ, 26 ಅಂಗುಲ ಎತ್ತರ ಬೇಕಾಗುತ್ತದೆ. ಹಿಂಬಾಗಿಲ ಬಳಿ ಇಟ್ಟರೆ, ಎತ್ತಿದ ಬಾಗಿಲಿನ ಕೆಳಗೆ ನೆಲದ ಮೇಲೆ ನಿಂತು ಪಾತ್ರೆ ತೊಳೆಯಬಹುದು. ಸಿಎನ್‌ಜಿ ಸಿಲಿಂಡರ್ ಹಿಂದಿರುವ ವಾಹನದಲ್ಲಿ ಇದು ಸಾಧ್ಯವಾಗದು, ಪಕ್ಕದ ಜಾರು ಬಾಗಿಲಿನ ಬಳಿ ಜಾಗ ಹುಡುಕಬೇಕು. ಮೇಲ್ಹಲಗೆಯಲ್ಲಿ ಸಿಂಕಿನ ಅಂಚಿಗಿಂತ ಒಂದು ಸೆಂಟಿಮೀಟರ್ ಒಳಗೆ ಗೆರೆ ಎಳೆದು ಕತ್ತರಿಸಿ, ಕತ್ತರಿಸಿದ ಅಂಚಿಗೆ ಎರಡು ಬಾರಿ ವಾರ್ನಿಷ್ ಬಳಿದು, ಅದು ಒಣಗಿದ ಮೇಲೆ ಸಿಲಿಕೋನ್ ಹಚ್ಚಿ ಸಿಂಕನ್ನು ಕೂರಿಸಬೇಕು. ಸ್ಟೀಲ್ ಬೋಗುಣಿಗೆ ತೂತು ಹಾಕಿಸುವ ಯತ್ನಕ್ಕಿಂತ, ತೂತು ಇರುವ ಸಣ್ಣ ಸಿಂಕನ್ನೇ ಕೊಳ್ಳುವುದು ಸುಲಭ. ಕೊನೆಗೆ ಪೆಟ್ಟಿಗೆಯನ್ನೂ ಕ್ಯಾನುಗಳನ್ನೂ ಸೀಟಿನ ಗಟ್ಟಿ ಬೋಲ್ಟುಗಳಿಗೆ ರ್‍ಯಾಚೆಟ್ ಬೆಲ್ಟಿನಿಂದ ಬಿಗಿಯಬೇಕು. ಜೋರಾಗಿ ಬ್ರೇಕ್ ಹಾಕಿದಾಗ 20 ಕಿಲೋ ಕ್ಯಾನು ಮುಂದಿರುವವರ ಬೆನ್ನಿಗೆ ಬಡಿಯಬಾರದು.

ಪಂಪಿಗೆ ನೀರು ಎಳೆಯುವ ಕಡೆಯ ಪೈಪು ದಾರದ ಹೆಣಿಗೆಯಿರುವ ಗಟ್ಟಿ ಪೈಪಾಗಿರಬೇಕು, ತೆಳು ಪೈಪಾದರೆ ಎಳೆತಕ್ಕೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಕ್ಯಾನಿನೊಳಗೆ ಇಳಿಯುವ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಅದು ತಳಕ್ಕೆ ಕಚ್ಚಿಕೊಳ್ಳುವುದಿಲ್ಲ. ಮುಚ್ಚಳದಲ್ಲಿ ಗಾಳಿಗಾಗಿ ಒಂದು ಸಣ್ಣ ರಂಧ್ರವಿರಲಿ, ಇಲ್ಲದಿದ್ದರೆ ನೀರು ಇಳಿದಂತೆ ಕ್ಯಾನು ಒಳಕ್ಕೆ ಸೊಟ್ಟಗಾಗುತ್ತದೆ. ಪಂಪಿನ ಮುಂಚೆ ಜಾಲರಿಯ ಸಣ್ಣ ಫಿಲ್ಟರ್ ಇರಲೇಬೇಕು. ಒಂದು ಮರಳಿನ ಕಣ ಡಯಾಫ್ರಂನ ಕವಾಟದಲ್ಲಿ ಸಿಕ್ಕಿಕೊಂಡರೂ ಪಂಪು ನಿಲ್ಲದೆ ಓಡುತ್ತಿರುತ್ತದೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ, ಆಮೇಲೆ ಕ್ಲಿಪ್ ಬಿಗಿಯಬೇಕು. ವಿದ್ಯುತ್ತಿಗೆ 1.5 ಚದರ ಮಿಲಿಮೀಟರಿನ ವಯರು, ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರದಲ್ಲಿ 7.5 ಆಂಪಿಯರ್ ಫ್ಯೂಸ್, ಕೈಗೆಟುಕುವಂತೆ ಒಂದು ಪ್ರತ್ಯೇಕ ಸ್ವಿಚ್ ಇರಬೇಕು. ಈ ಸ್ವಿಚ್ಚನ್ನು ಅಲಕ್ಷಿಸಬಾರದು. ಪ್ರಯಾಣದ ನಡುವೆ ಒಂದು ಪೈಪು ಕಳಚಿಕೊಂಡರೆ, ಒತ್ತಡ ಇಳಿದಿದೆ ಎಂದು ತಿಳಿದು ಪಂಪು ಇಡೀ ಕ್ಯಾನನ್ನು ಹಾಸಿಗೆಯ ಕೆಳಗೆ ಖಾಲಿ ಮಾಡಿಬಿಡುತ್ತದೆ. ವಾಹನ ಹೊರಡುವ ಮುನ್ನ ಸ್ವಿಚ್ ಆರಿಸುವುದು ಅಭ್ಯಾಸವಾಗಬೇಕು.

ಇನ್ನು ಮುಸುರೆ ನೀರು. ಇದರ ಕ್ಯಾನು ಶುದ್ಧ ನೀರಿನ ಕ್ಯಾನಿಗಿಂತ ಚಿಕ್ಕದಿರಬಾರದು, ನೋಡಿದೊಡನೆ ಗೊತ್ತಾಗುವಂತೆ ಬೇರೆ ಬಣ್ಣದ್ದಾಗಿರಬೇಕು. ಸಿಂಕಿನ ನೇರ ಕೆಳಗೆ ಇದನ್ನು ಕೂರಿಸಿ, ವಾಷ್ ಬೇಸಿನ್ನಿಗೆ ಬಳಸುವ 32 ಮಿಲಿಮೀಟರಿನ ಪೈಪನ್ನು ಎಲ್ಲಿಯೂ ಜೋಲು ಬೀಳದಂತೆ ನೆಟ್ಟಗೆ ಇಳಿಸಬೇಕು; ಜೋಲು ಬಿದ್ದ ಜಾಗದಲ್ಲಿ ಅನ್ನದ ಅಗುಳು ಕೂತು ಕೊಳೆಯುತ್ತದೆ. ಇದರ ಮುಚ್ಚಳಕ್ಕೂ ಗಾಳಿಯ ರಂಧ್ರ ಬೇಕು, ಇಲ್ಲವಾದರೆ ನೀರು ಇಳಿಯದೆ ಸಿಂಕಿನಲ್ಲೇ ಗುಳುಗುಳು ಎನ್ನುತ್ತ ನಿಲ್ಲುತ್ತದೆ. ತೊಳೆಯುವ ಮೊದಲೇ ತಟ್ಟೆಯ ಎಣ್ಣೆ, ಸಾರಿನ ಉಳಿಕೆಗಳನ್ನು ಕಾಗದದಿಂದ ಒರೆಸಿ ತೆಗೆದರೆ ಅರ್ಧ ವಾಸನೆ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧಕ್ಕೆ ಸಿಂಕಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಬೇಕು. ಮೊಸರು, ಸಾಂಬಾರು ಬೆರೆತ ನೀರು ನಮ್ಮ ಸೆಕೆಗೆ ಒಂದೇ ದಿನದಲ್ಲಿ ಹಳಸುವುದರಿಂದ ದಿನವೂ ಖಾಲಿ ಮಾಡಲೇಬೇಕು.

ಎಲ್ಲಿ ಖಾಲಿ ಮಾಡಬೇಕೆಂಬುದು ಬರೀ ಶಿಷ್ಟಾಚಾರದ ಮಾತಲ್ಲ. ಮಲೆನಾಡಿನಲ್ಲಿ ರಸ್ತೆ ಬದಿ ಹರಿಯುವ ಹಳ್ಳವೇ ಕೆಳಗಿನ ಮನೆಗಳ ಕುಡಿಯುವ ನೀರಾಗಿರುತ್ತದೆ. ಅಲ್ಲಿ ಸೋಪಿನ ನೀರು ಬಿಡುವುದು ಅನ್ಯಾಯ. ತಂಗುದಾಣದ ಬಚ್ಚಲಿನಲ್ಲಿ, ಅಥವಾ ಕೇಳಿಕೊಂಡು ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಸುರಿಯಬಹುದು. ಬೇರೆ ದಾರಿಯೇ ಇಲ್ಲದಿದ್ದಾಗ, ಯಾವುದೇ ಜಲಮೂಲದಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ಬಟ್ಟೆಯಲ್ಲಿ ಸೋಸಿ, ಅಗಲವಾಗಿ ಮಣ್ಣಿಗೆ ಚಿಮುಕಿಸಬೇಕು. ಸೋಸಿ ಉಳಿದ ಅಗುಳನ್ನು ಕಸದ ಚೀಲಕ್ಕೆ ಹಾಕಬೇಕು. ಕಾಡಿನೊಳಗೆ ಹೀಗೆ ಮಣ್ಣಿಗೆ ಚಿಮುಕಿಸುವುದೂ ಬೇಡ, ಆಹಾರದ ವಾಸನೆ ಪ್ರಾಣಿಗಳನ್ನು ರಸ್ತೆಗೆ ಕರೆತರುತ್ತದೆ.

ಜೋಡಣೆ ಮುಗಿದ ಮೇಲೆ ಪ್ರತಿ ಕೂಡಿಕೆಯ ಕೆಳಗೂ ಒಣ ದಿನಪತ್ರಿಕೆ ಹಾಸಿ, ಪಂಪು ಹಚ್ಚಿ ನಲ್ಲಿ ಮುಚ್ಚಿ ಒಂದು ಗಂಟೆ ಬಿಡಬೇಕು. ಒಂದೇ ಹನಿ ಬಿದ್ದರೂ ಕಾಗದದ ಮೇಲೆ ಕಲೆ ಕಾಣುತ್ತದೆ. ನಲ್ಲಿ ಮುಚ್ಚಿರುವಾಗಲೂ ಪಂಪು ಆಗಾಗ ಟಕ್ಕೆಂದು ಸದ್ದು ಮಾಡಿದರೆ ಎಲ್ಲೋ ಒತ್ತಡ ಸೋರುತ್ತಿದೆ ಎಂದೇ ಅರ್ಥ. ಅನಂತರ ಹಂಪುಗಳಿರುವ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ತಿಂಗಳಿಗೊಮ್ಮೆ, ಮತ್ತು ಬಹಳ ದಿನ ನಿಂತ ವಾಹನವನ್ನು ಹೊರಡಿಸುವ ಮುನ್ನ, ಶುದ್ಧ ನೀರಿನ ಕ್ಯಾನು ತುಂಬಿಸಿ ಅದಕ್ಕೆ 5 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟಿನ, ಸುಗಂಧವಿಲ್ಲದ ಬ್ಲೀಚನ್ನು 20 ಮಿಲಿಲೀಟರ್ ಬೆರೆಸಬೇಕು. ನಲ್ಲಿಯಲ್ಲಿ ಅದರ ವಾಸನೆ ಬರುವವರೆಗೆ ಪಂಪು ಓಡಿಸಿ, ನಾಲ್ಕು ಗಂಟೆ ಹಾಗೆಯೇ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಹೊಸ ನೀರಿನಲ್ಲಿ ತೊಳೆಯಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರು ತುಂಬಿಸುವವರು ನಲ್ಲಿಯ ತುದಿಯ ಜಾಲರಿಯನ್ನೂ ಬಿಚ್ಚಿ, ಕಟ್ಟಿದ ಸುಣ್ಣ ಬಿಡುವವರೆಗೆ ನಿಂಬೆರಸದಲ್ಲಿ ನೆನೆಸಿಡಬೇಕು. ಲಡಾಖ್, ಸ್ಪಿತಿಯವರೆಗೆ ಹೋಗುವವರು ರಾತ್ರಿ ಮಲಗುವ ಮುನ್ನ ಪಂಪು ಮತ್ತು ಪೈಪುಗಳ ನೀರನ್ನು ಪೂರ್ತಿ ಹೊರಬಿಡಬೇಕು. ಒಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪಂಪಿನ ತಲೆಭಾಗ ಬಿರುಕು ಬಿಡುತ್ತದೆ.