ಮೂಲ ಮೇಲೆ, ಬರಹ ಕೆಳಗೆ: ಪರದೆಯ ಮೇಲೆ ವಿಂಡೋ ಜೋಡಿಸಿಕೊಂಡ ನನ್ನ ಅನುಭವ

ಬೆಳಗಾವಿಯಲ್ಲಿ ಮರಾಠಿ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸುವುದು ನನ್ನ ಕೆಲಸ. ಖರೇದಿ ಪತ್ರ, ಆಸ್ತಿ ಪಾಲು ಮಾಡಿಕೊಂಡ ವಾಟ್ನಿ ಪತ್ರ, ಮೃತ್ಯುಪತ್ರ ಅಂದರೆ ಉಯಿಲು, ಜಮೀನಿನ ಹಳೆಯ ಉತಾರ, ಹೀಗೆ ಏನೇನೋ ಬರುತ್ತವೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಎಷ್ಟೋ ಮನೆಗಳ ಟ್ರಂಕಿನಲ್ಲಿರುವ ಹಳೆಯ ಕಾಗದ ಮರಾಠಿಯದ್ದೇ. ಮೊಮ್ಮಕ್ಕಳು ಅದನ್ನು ಹಿಡಿದುಕೊಂಡು ಕೋರ್ಟಿಗೋ ಕಚೇರಿಗೋ ಹೋಗಬೇಕಾದಾಗ ಕನ್ನಡ ಪ್ರತಿ ಬೇಕಾಗುತ್ತದೆ.

ಒಂದು ಖರೇದಿ ಪತ್ರ ಕೈಗೆ ತೆಗೆದುಕೊಂಡರೆ ಕಂಪ್ಯೂಟರ್‌ನಲ್ಲಿ ಮೂಲದ ಸ್ಕ್ಯಾನ್ ತೆರೆದಿರಬೇಕು, ಕನ್ನಡ ಬರೆಯುವ ವರ್ಡ್ ಫೈಲ್ ತೆರೆದಿರಬೇಕು. ನಿಘಂಟು ಬೇಕು. ಊರು, ಮನೆತನ, ಹೊಲಗಳ ಹೆಸರು ಬರೆದಿಟ್ಟುಕೊಂಡ ನನ್ನದೇ ಪಟ್ಟಿ ಬೇಕು. ಜೊತೆಗೆ ಗಿರಾಕಿಯ ವಾಟ್ಸಾಪ್. ಇದಕ್ಕೆ ಮಲ್ಟಿಟಾಸ್ಕಿಂಗ್ ಅಂತಾರೆ. ನನಗೆ ಮಾತ್ರ ಇದು ಒಂದೇ ಕೆಲಸ ಅನಿಸುತ್ತದೆ, ಕಾಗದ ಜಾಸ್ತಿ ಅಷ್ಟೇ. ಅದಕ್ಕೇ ವಿಂಡೋ ಜೋಡಿಸುವಾಗ ಯಾವ ಆ್ಯಪ್ ಎಲ್ಲಿ ಅಂತ ಯೋಚಿಸುವುದಿಲ್ಲ. ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಯೋಚಿಸುತ್ತೇನೆ.

ಮೊದಲು ಎಲ್ಲರೂ ಮಾಡುವ ಹಾಗೆ ಅಕ್ಕಪಕ್ಕ ಇಟ್ಟುಕೊಂಡೆ. ವಿಂಡೋಸ್ ಕೀ ಜೊತೆ ಎಡ ಬಾಣ ಒತ್ತಿದರೆ ಸ್ಕ್ಯಾನ್ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ, ಬಲ ಬಾಣ ಒತ್ತಿದರೆ ವರ್ಡ್ ಬಲ ಅರ್ಧಕ್ಕೆ. ವಿಂಡೋಸ್ 7 ಬಂದಾಗಿನಿಂದ, ಅಂದರೆ 2009ರಿಂದ ಇದು ಇದೆ. ಇನ್ನೂ ಹಿಂದೆ ಹೋದರೆ, 1985ರ ಮೊಟ್ಟಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ಪಕ್ಕಪಕ್ಕ ಹೊಂದಿಕೊಂಡೇ ಇರುತ್ತಿದ್ದವು. ಒಂದರ ಮೇಲೊಂದು ಬೀಳುವ ವಿಂಡೋ ಬಂದದ್ದು 1987ರ ಎರಡನೇ ಆವೃತ್ತಿಯಲ್ಲಿ. ಇಷ್ಟು ವರ್ಷ ಆದಮೇಲೆ ನಾವೆಲ್ಲ ಮತ್ತೆ ಹೊಂದಿಸಿಡುವುದಕ್ಕೇ ಬಂದಿದ್ದೇವೆ ಅಲ್ವಾ?

ಅಕ್ಕಪಕ್ಕ ಇಡುವವರು ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಬೇಕು. ಎ4 ಹಾಳೆಯ ಅಗಲ 210 ಮಿಲಿಮೀಟರ್. ವರ್ಡ್‌ನಲ್ಲಿ ನೂರು ಪ್ರತಿಶತ ಝೂಮ್ ಇಟ್ಟರೆ ಅದಕ್ಕೆ ಸುಮಾರು 794 ಪಿಕ್ಸೆಲ್ ಬೇಕು. 1366 ಪಿಕ್ಸೆಲ್ ಅಗಲದ ಹಳೆಯ ಲ್ಯಾಪ್‌ಟಾಪ್‌ನ ಅರ್ಧ ಅಂದರೆ 683. ಹಾಳೆ ಹಿಡಿಸುವುದಿಲ್ಲ, ಸಾಲಿನ ಕೊನೆ ಕಾಣುವುದಿಲ್ಲ, ಕೆಳಗಿನ ಪಟ್ಟಿ ಎಳೆಯುತ್ತ ಕೂರಬೇಕು. 1920 ಅಗಲದ ಪರದೆಯ ಅರ್ಧ 960, ಅಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕೇಲಿಂಗ್, ಅಂದರೆ ಪರದೆಯ ಮೇಲಿನದ್ದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್, 125 ಪ್ರತಿಶತ ಇರುತ್ತದೆ. ಆಗ 1920ರ ಪರದೆಯೂ 1536ರ ಹಾಗೆ ನಡೆದುಕೊಳ್ಳುತ್ತದೆ, ಅರ್ಧಕ್ಕೆ 768 ಮಾತ್ರ ಉಳಿಯುತ್ತದೆ. ಹಾಳೆ ಕೂದಲೆಳೆಯಷ್ಟರಲ್ಲಿ ಹೊರಗೆ ಹೋಗುತ್ತದೆ. ವಿಂಡೋಸ್ 11ರಲ್ಲಿ ಮೂರು ಕಂಬದ ಜೋಡಣೆ ಯಾಕೆ ತೋರಿಸುತ್ತಿಲ್ಲ ಅಂತ ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಸ್ಕೇಲಿಂಗ್ ಕಳೆದು 1920 ಉಳಿದರೆ ಮಾತ್ರ ಅದು ಬರುತ್ತದೆ. ಕಣ್ಣಿಗೆ ಸಾಕಾಗುವಂತಿದ್ದರೆ ಸ್ಕೇಲಿಂಗ್ ನೂರಕ್ಕೆ ಇಳಿಸಿ, ಇಲ್ಲವೇ ವರ್ಡ್‌ನ ಝೂಮ್ ತೊಂಬತ್ತಕ್ಕೆ ಇಳಿಸಿ.

ಟೈಪ್ ಮಾಡಿದ ಅಥವಾ ಅಚ್ಚಾದ ಮೂಲಕ್ಕೆ ಈ ಅಕ್ಕಪಕ್ಕದ ಪದ್ಧತಿ ಸಾಕು. ಕೈಬರಹಕ್ಕೆ ಸಾಲದು. ನನ್ನ ಕೆಲಸದಲ್ಲಿ ಮುಖ್ಯವಾದದ್ದು ಇಲ್ಲಿಂದ ಶುರುವಾಗುತ್ತದೆ.

ಹಳೆಯ ಕೈಬರಹ ಓದಬೇಕಾದರೆ ಹಿಗ್ಗಿಸಬೇಕು. ಹಿಗ್ಗಿಸಿದರೆ ಸಾಲು ಉದ್ದವಾಗುತ್ತದೆ, ಅರ್ಧ ಪರದೆಯಲ್ಲಿ ಸಾಲಿನ ಅರ್ಧ ಮಾತ್ರ ಕಾಣುತ್ತದೆ. ಬಲಕ್ಕೆ ಸರಿಸಿ ಓದಿ, ಮತ್ತೆ ಎಡಕ್ಕೆ ತಂದರೆ ಯಾವ ಸಾಲಿನಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದವಾದರೆ ಕಷ್ಟ ಇನ್ನೂ ಜಾಸ್ತಿ. ಮೋಡಿ ಬರೆಯುವವರು ಮೊದಲು ಹಾಳೆಯ ಅಡ್ಡಕ್ಕೆ ಗೆರೆ ಎಳೆದು, ಆ ಗೆರೆಗೆ ಅಕ್ಷರಗಳನ್ನು ಜೋತುಬಿಡುತ್ತ ಹೋಗುತ್ತಿದ್ದರು. ಪದಗಳ ನಡುವೆ ಜಾಗ ಇರುವುದಿಲ್ಲ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ಗೊತ್ತಾಗಬೇಕಾದರೆ ಇಡೀ ಸಾಲು ಒಟ್ಟಿಗೆ ಕಣ್ಣ ಮುಂದೆ ಇರಲೇಬೇಕು.

ಹಾಗಾಗಿ ವಿಂಡೋಗಳನ್ನು ಮೇಲೆ-ಕೆಳಗೆ ಮಾಡಿದೆ. ಮೂಲ ಮೇಲೆ, ಪರದೆಯ ಪೂರ್ತಿ ಅಗಲಕ್ಕೆ. ಬರಹ ಕೆಳಗೆ. ಓದಿದ ಸಾಲು ಸರಿಯಾಗಿ ಟೈಪ್ ಮಾಡುವ ಸಾಲಿನ ಮೇಲೆಯೇ ಇರುತ್ತದೆ. ಕತ್ತು ಆಚೆ ಈಚೆ ತಿರುಗುವುದಿಲ್ಲ, ಕಣ್ಣು ಸ್ವಲ್ಪ ಏರಿಳಿಯುತ್ತದೆ ಅಷ್ಟೇ. ವಿಂಡೋಸ್ 11ರಲ್ಲಿ ಮ್ಯಾಕ್ಸಿಮೈಸ್ ಗುಂಡಿಯ ಮೇಲೆ ಮೌಸ್ ಇಟ್ಟಾಗ, ಅಥವಾ ವಿಂಡೋಸ್ ಕೀ ಜೊತೆ ಝಡ್ ಒತ್ತಿದಾಗ ಬರುವ ಚಿತ್ರಗಳಲ್ಲಿ ಅಡ್ಡ ಪರದೆಗೆ ಈ ಜೋಡಣೆ ಕಾಣುವುದಿಲ್ಲ. ಅದಕ್ಕೆ ವಿಂಡೋಸ್ ಕೀ, ಆಲ್ಟ್, ಮೇಲಿನ ಬಾಣ ಮೂರನ್ನೂ ಒಟ್ಟಿಗೆ ಒತ್ತಬೇಕು. ವಿಂಡೋ ಮೇಲಿನ ಅರ್ಧಕ್ಕೆ ಹೋಗುತ್ತದೆ. ಕೆಳಗಿನ ಬಾಣ ಒತ್ತಿದರೆ ಕೆಳಗಿನ ಅರ್ಧಕ್ಕೆ ಬರುತ್ತದೆ. ನಡುವಿನ ಗೆರೆ ಹಿಡಿದು ಎಳೆದರೆ ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗುತ್ತವೆ.

ಅಡ್ಡ ಪರದೆಯಲ್ಲಿ ಇದಕ್ಕೆ ಎತ್ತರ ಸಾಲುವುದಿಲ್ಲ. ಕನ್ನಡಕ್ಕಂತೂ ಎತ್ತರ ಬೇಕೇ ಬೇಕು. ಒತ್ತಕ್ಷರ ಕೆಳಗಿಳಿಯುವ ಲಿಪಿ ನಮ್ಮದು, ಸಾಲುಗಳ ನಡುವೆ ಜಾಗ ಬಿಡದೆ ನಡೆಯುವುದಿಲ್ಲ. ನನ್ನ ಮಾನಿಟರ್‌ನ ಸ್ಟ್ಯಾಂಡ್ ತಿರುಗುವಂಥದ್ದು. ಅದನ್ನು ಉದ್ದಕ್ಕೆ ನಿಲ್ಲಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಓರಿಯೆಂಟೇಶನ್ ಪೋರ್ಟ್ರೇಟ್ ಮಾಡಿದೆ. ಈಗ 1080 ಅಗಲ, 1920 ಎತ್ತರ. ಎರಡು ಭಾಗ ಮಾಡಿದರೆ ಒಂದೊಂದಕ್ಕೂ 960ರ ಹತ್ತಿರ ಎತ್ತರ, ಪೂರ್ತಿ 1080 ಅಗಲ. ಎ4 ಹಾಳೆಯನ್ನು 130 ಪ್ರತಿಶತಕ್ಕೆ ಹಿಗ್ಗಿಸಿದರೂ ಅಡ್ಡಕ್ಕೆ ಹಿಡಿಸುತ್ತದೆ. ಪರದೆ ನಿಲ್ಲಿಸಿದ ಮೇಲೆ ಜೋಡಣೆ ತೋರಿಸುವ ಆ ಚಿತ್ರಗಳೂ ತಾವಾಗಿಯೇ ಮೇಲೆ-ಕೆಳಗಿನವಾಗುತ್ತವೆ. ಮಾನಿಟರ್ ಕೊಳ್ಳುವವರು ನನ್ನನ್ನು ಕೇಳಿದರೆ, ಇನ್ನೂ ದೊಡ್ಡದು ತಗೊಳ್ಳುವುದಕ್ಕಿಂತ ತಿರುಗುವ ಸ್ಟ್ಯಾಂಡ್ ಇರುವುದು ತಗೊಳ್ಳಿ ಅಂತಲೇ ಹೇಳುತ್ತೇನೆ.

ಮೋಡಿ ಕಾಗದಕ್ಕೆ ಮೂರು ಬೇಕು. ಮೇಲೆ ಮೋಡಿಯ ಸ್ಕ್ಯಾನ್, ನಡುವೆ ತಿಳಿದವರು ದೇವನಾಗರಿಗೆ ಇಳಿಸಿಕೊಟ್ಟ ಪ್ರತಿ, ಕೆಳಗೆ ನನ್ನ ಕನ್ನಡ. ಇದಕ್ಕೆ ಮೈಕ್ರೋಸಾಫ್ಟ್‌ನದ್ದೇ ಆದ ಪವರ್‌ಟಾಯ್ಸ್ ಹಾಕಿಕೊಂಡಿದ್ದೇನೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಫ್ಯಾನ್ಸಿಝೋನ್ಸ್ ಅಂತ ಒಂದಿದೆ. ಪರದೆಯನ್ನು ನಮಗೆ ಬೇಕಾದ ಹಾಗೆ ವಲಯ ಮಾಡಿಕೊಂಡು, ಶಿಫ್ಟ್ ಒತ್ತಿಹಿಡಿದು ವಿಂಡೋ ಎಳೆದರೆ ಆ ವಲಯದಲ್ಲಿ ಕೂರುತ್ತದೆ. ನಾನು ಮೂರೂ ಸಮ ಮಾಡಿಲ್ಲ. ಸ್ಕ್ಯಾನ್‌ಗೆ ಎರಡು ಮೂರು ಸಾಲು ಕಂಡರೆ ಸಾಕು, ಬರಹಕ್ಕೆ ಹೆಚ್ಚು ಜಾಗ.

ನಿಘಂಟು ಮತ್ತು ಹೆಸರುಗಳ ಪಟ್ಟಿ ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲಿ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಬ್ರೌಸರ್‌ನ ಒಳಗಿನ ಟ್ಯಾಬ್ ಆಗಿದ್ದರೆ ಈ ಜೋಡಣೆಗೆ ಸಿಗುವುದಿಲ್ಲ. ಟ್ಯಾಬ್ ಹಿಡಿದು ಹೊರಗೆ ಎಳೆದು ಅದನ್ನೇ ಒಂದು ವಿಂಡೋ ಮಾಡಬೇಕು. ಭಾರತವಾಣಿ ಜಾಲತಾಣದ ನಿಘಂಟುಗಳನ್ನು ನಾನು ಹೀಗೇ ಹೊರಗೆ ಎಳೆದು ಇಟ್ಟಿರುತ್ತೇನೆ. ವಿಂಡೋ ತಪ್ಪಿ ಬೇರೆ ಪರದೆಗೆ ಹೋದರೆ ವಿಂಡೋಸ್ ಕೀ, ಶಿಫ್ಟ್, ಬಾಣ ಒತ್ತಿದರೆ ವಾಪಸ್ ಬರುತ್ತದೆ.

ಎರಡು ಲಿಪಿಯಲ್ಲಿ ಕೆಲಸ ಮಾಡುವವರಿಗೆ ಒಂದು ಸೆಟ್ಟಿಂಗ್ ಬಹಳ ಮುಖ್ಯ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ವರ್ಡ್‌ನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೇನೆ. ಒಂದು ಮರಾಠಿ ಪದ ಹುಡುಕಬೇಕು. ನಿಘಂಟಿಗೆ ಹೋಗಿ ಕೀಬೋರ್ಡ್ ದೇವನಾಗರಿಗೆ ಬದಲಿಸಿ, ವಾಪಸ್ ಬಂದು ಕನ್ನಡಕ್ಕೆ ಬದಲಿಸಬೇಕು. ದಿನಕ್ಕೆ ಎಷ್ಟು ಸಲ! ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರಲ್ಲಿ ಟೈಪಿಂಗ್, ಅದರಲ್ಲಿ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಒಂದೊಂದು ಆ್ಯಪ್ ವಿಂಡೋಗೂ ಬೇರೆ ಬೇರೆ ಇನ್‌ಪುಟ್ ಇರಲಿ ಅನ್ನುವ ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಆಮೇಲೆ ವರ್ಡ್‌ಗೆ ಬಂದರೆ ಕನ್ನಡವೇ ಇರುತ್ತದೆ, ನಿಘಂಟಿನ ವಿಂಡೋಗೆ ಹೋದರೆ ದೇವನಾಗರಿಯೇ. ಇದು ವಿಂಡೋಸ್‌ನಲ್ಲೇ ಇರುವ ಕೀಬೋರ್ಡ್‌ಗಳ ಮಾತು. ನನ್ನ ಬೆರಳಿಗೆ ಇದರಿಂದ ಸಿಕ್ಕಷ್ಟು ಆರಾಮ ಬೇರೆ ಯಾವುದರಿಂದಲೂ ಸಿಕ್ಕಿಲ್ಲ.

ಇನ್ನು ವಾಟ್ಸಾಪ್, ಮೇಲ್, ಬಿಲ್ಲು. ಇವನ್ನು ಅನುವಾದದ ಪರದೆಯಲ್ಲಿ ನಾನು ಇಡುವುದೇ ಇಲ್ಲ. ವಿಂಡೋಸ್ ಕೀ, ಕಂಟ್ರೋಲ್, ಡಿ ಒತ್ತಿದರೆ ಇನ್ನೊಂದು ಡೆಸ್ಕ್‌ಟಾಪ್ ತೆರೆಯುತ್ತದೆ. ಅದಕ್ಕೆ ಗಿರಾಕಿ ಅಂತ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಹಿನ್ನೆಲೆಗೆ ಬೇರೆ ಬಣ್ಣದ ಚಿತ್ರ ಹಾಕಿದ್ದೇನೆ, ಕಣ್ಣು ಹಾಯಿಸಿದರೆ ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ. ಕಂಟ್ರೋಲ್, ವಿಂಡೋಸ್ ಕೀ, ಬಾಣ ಒತ್ತಿದರೆ ಆಚೆ ಈಚೆ. ಆಲ್ಟ್-ಟ್ಯಾಬ್ ಕೂಡ ನಾನಿರುವ ಡೆಸ್ಕ್‌ಟಾಪ್‌ನ ವಿಂಡೋಗಳನ್ನಷ್ಟೇ ತೋರಿಸುತ್ತದೆ, ಸುಮ್ನೆ ಹುಡುಕಾಡುವುದು ತಪ್ಪಿತು. ಇನ್ನೊಬ್ಬರ ಆಸ್ತಿಯ ಚಕ್ಕುಬಂದಿ ಬರೆಯುವಾಗ ಮಧ್ಯೆ ಮೆಸೇಜ್ ಹಣಕಬಾರದು. ಪೂರ್ವಕ್ಕೆ ಇರಬೇಕಾದವರು ಪಶ್ಚಿಮಕ್ಕೆ ಹೋಗಿಬಿಟ್ಟರೆ ಅದರ ಪರಿಣಾಮ ಅವರ ಮನೆಯವರು ಅನುಭವಿಸಬೇಕಾಗುತ್ತದೆ.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಮಾನಿಟರ್ ಆರುತ್ತದೆ. ಅದರಲ್ಲಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪ್ ಪರದೆಗೆ ಬಂದು ರಾಶಿ ಬೀಳುತ್ತವೆ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಅಂತ ಇದೆ. ಅಲ್ಲಿ ಮಾನಿಟರ್ ಸಂಪರ್ಕದ ಪ್ರಕಾರ ವಿಂಡೋಗಳ ಜಾಗ ನೆನಪಿಡುವ ಚೌಕವನ್ನು ಆನ್ ಮಾಡಿಟ್ಟುಕೊಳ್ಳಿ. ಕರೆಂಟ್ ಬಂದು ಮಾನಿಟರ್ ಹೊತ್ತಿಕೊಂಡಾಗ ಅವು ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಆದರೆ ಕಂಪ್ಯೂಟರ್ ಪೂರ್ತಿ ಬಂದ್ ಆಯಿತೋ, ಡೆಸ್ಕ್‌ಟಾಪ್‌ಗಳು ಹೆಸರಿನ ಸಮೇತ ಉಳಿಯುತ್ತವೆ, ಅವುಗಳೊಳಗಿನ ವಿಂಡೋಗಳು ತಾವಾಗಿ ತೆರೆಯುವುದಿಲ್ಲ. ಪವರ್‌ಟಾಯ್ಸ್‌ಗೆ 2024ರಲ್ಲಿ ಸೇರಿದ ವರ್ಕ್‌ಸ್ಪೇಸಸ್ ಅದಕ್ಕೆ ಒದಗುತ್ತದೆ. ಯಾವ ಆ್ಯಪ್ ಎಲ್ಲಿ ಇರಬೇಕು ಅಂತ ಒಮ್ಮೆ ಉಳಿಸಿಟ್ಟರೆ ಒಂದೇ ಕ್ಲಿಕ್‌ಗೆ ಎಲ್ಲ ತೆರೆದು ಕೂರಿಸುತ್ತದೆ.

ಖಾನಾಪುರ, ನಿಪ್ಪಾಣಿ ಕಡೆ ಗಿರಾಕಿಗಳ ಮನೆಗೆ ಹೋಗುವಾಗ ಟ್ಯಾಬ್ಲೆಟ್ ಒಯ್ಯುತ್ತೇನೆ. ಹಳೆಯ ಕಾಗದವನ್ನು ಅವರು ಕೈಯಿಂದ ಬಿಡುವುದಿಲ್ಲ, ಬಿಡಲೂಬಾರದು. ಅಲ್ಲೇ ಫೋಟೋ ತೆಗೆದು, ಅಲ್ಲೇ ಕೂತು ಹಿರಿಯರನ್ನು ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ನನ್ನದು ಪೆನ್ ಇರುವ ಸ್ಯಾಮ್‌ಸಂಗ್ ಟ್ಯಾಬ್. ಎಡಕ್ಕೆ ಗ್ಯಾಲರಿ, ಬಲಕ್ಕೆ ನೋಟ್ಸ್. ನಡುವಿನ ಗೆರೆಯ ಮೇಲಿನ ಚುಕ್ಕಿ ಒತ್ತಿದರೆ ಈ ಎರಡನ್ನೂ ಜೋಡಿ ಮಾಡಿ ಎಡ್ಜ್ ಪ್ಯಾನೆಲ್‌ನಲ್ಲಿ ಇಟ್ಟುಕೊಳ್ಳಬಹುದು, ಮುಂದಿನ ಸಲ ಒಂದೇ ಸಲಕ್ಕೆ ಎರಡೂ ತೆರೆಯುತ್ತವೆ. ಪರದೆಯ ಕೀಬೋರ್ಡ್ ಎದ್ದರೆ ಅರ್ಧ ಜಾಗ ಅದೇ ನುಂಗುತ್ತದೆ. ಅದಕ್ಕೆ ಟಿಪ್ಪಣಿಯನ್ನು ಪೆನ್ನಿನಿಂದಲೇ ಬರೆಯುತ್ತೇನೆ. ಕ್ಯಾಲ್ಕ್ಯುಲೇಟರ್ ಮಾತ್ರ ಪಾಪ್-ಅಪ್ ಆಗಿ ಮೇಲೆ ತೇಲುತ್ತಿರುತ್ತದೆ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ವಾಟ್ನಿಯ ಪಾಲುಗಳನ್ನು ಕೂಡಿಸಿ ಒಟ್ಟು ಕ್ಷೇತ್ರಕ್ಕೆ ಹೊಂದುತ್ತದೋ ಇಲ್ಲವೋ ಅಂತ ಅವರ ಎದುರಿಗೇ ನೋಡಿಬಿಡಬಹುದು.

ಐಪ್ಯಾಡ್ ಇರುವವರಿಗೆ 2025ರ ಐಪ್ಯಾಡ್‌ಓಎಸ್ 26 ಬಂದಮೇಲೆ ಕಂಪ್ಯೂಟರ್‌ನ ಹಾಗೆಯೇ ವಿಂಡೋ ಹಿಗ್ಗಿಸಿ, ಕುಗ್ಗಿಸಿ, ಅಂಚಿಗೆ ತಳ್ಳಿ ಹೊಂದಿಸಲು ಬರುತ್ತದೆ. ಮ್ಯಾಕ್‌ನಲ್ಲಿ ಅಂಚಿಗೆ ಎಳೆದು ಹೊಂದಿಸುವುದು 2024ರ ಸೆಕ್ವೋಯಾದಿಂದ ಇದೆ.

ಕೊನೆಗೆ ತಾಳೆ ನೋಡುವ ಕೆಲಸ. ಎರಡೂ ವರ್ಡ್ ಫೈಲ್ ಆಗಿದ್ದರೆ, ಅಂದರೆ ದೇವನಾಗರಿ ಪ್ರತಿ ಮತ್ತು ಕನ್ನಡ ಪ್ರತಿ, ವ್ಯೂ ಮೆನುವಿನ ವ್ಯೂ ಸೈಡ್ ಬೈ ಸೈಡ್ ಒತ್ತುತ್ತೇನೆ. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಗೇ ಸರಿಯುತ್ತದೆ. ಕೈಬರಹದ ಮೂಲವಾದರೆ ಸ್ಕ್ಯಾನನ್ನು ಟ್ಯಾಬ್ಲೆಟ್‌ಗೆ ಹಾಕಿ ನಮ್ಮ ಮನೆಯವರ ಕೈಗೆ ಕೊಡುತ್ತೇನೆ, ಅವರಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಬರಹದ ವಿಂಡೋ ಒಂದನ್ನೇ ಉಳಿಸಿ ಬೇರೆಲ್ಲ ಇಳಿಸಲು ವಿಂಡೋಸ್ ಕೀ ಜೊತೆ ಹೋಮ್ ಒತ್ತಿದರಾಯಿತು. ನಾನು ಪರದೆಯಿಂದ ಜೋರಾಗಿ ಓದುತ್ತೇನೆ, ಅವರು ಮೂಲ ನೋಡುತ್ತಾರೆ. ಸರ್ವೆ ನಂಬರ್, ಕ್ಷೇತ್ರ, ರೂಪಾಯಿ, ತಾರೀಖು ಬಂದಾಗ ಒಂದೊಂದೇ ಅಂಕಿ ಬಿಡಿಸಿ ಹೇಳುತ್ತೇನೆ. ದೇವನಾಗರಿ ಕೈಬರಹದಲ್ಲಿ ಒಂದು ಮತ್ತು ಒಂಬತ್ತು ಒಂದೇ ತರಹ ಕಾಣುವುದುಂಟು. ಅಂಥಲ್ಲಿ ಅವರು ಬೆರಳಿನಿಂದ ಹಿಗ್ಗಿಸಿ, ಅದೇ ಬರಹಗಾರ ಬೇರೆ ಸಾಲಿನಲ್ಲಿ ಒಂಬತ್ತನ್ನು ಹೇಗೆ ಬರೆದಿದ್ದಾನೆ ಅಂತ ಹುಡುಕಿ ತೆಗೆಯುತ್ತಾರೆ. ಇಬ್ಬರಿಗೂ ಒಪ್ಪಿಗೆಯಾದ ಮೇಲೆಯೇ ಮುಂದಿನ ಸಾಲು.